ಓಗೊಡುವ ಕೆರೆಯ ಗುಟ್ಟು

2019ರ ಸೆಪ್ಟೆಂಬರಿನಲ್ಲಿ ನಾನು ಒಂದು ಖಾಸಗಿ ವಾಹಿನಿಯ ಸಾಕ್ಷ್ಯಚಿತ್ರ ಸರಣಿಗೆ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಆಗ ನನಗೆ ಐವತ್ತೆಂಟು ವರ್ಷ, ವಾಸ ಹುಬ್ಬಳ್ಳಿಯಲ್ಲಿ. ಸರಣಿಯ ವಿಷಯ ನಿಗೂಢ ಸ್ಥಳಗಳು: ಬಾಗಿಲು ತೆರೆಯದ ನೆಲಮಾಳಿಗೆ, ಜಾಗ ಬದಲಿಸುವ ಬಂಡೆ, ಯಾರೂ ಉಳಿಯಲಾರದ ಬಂಗಲೆ. ಇವುಗಳಲ್ಲಿ ಮುಕ್ಕಾಲು ಪಾಲು ರಹಸ್ಯಗಳು ಊರಿನ ಚಹಾ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಬಯಲಾಗುವಂಥವು. ಅದಕ್ಕೇ ಇರಬೇಕು, ನಮ್ಮ ತಂಡ ಚಹಾವನ್ನು ಥರ್ಮಾಸಿನಲ್ಲಿ ತುಂಬಿಕೊಂಡೇ ಹೋಗುತ್ತಿತ್ತು.

ನನ್ನ ಕೆಲಸದ ಬಗ್ಗೆ ಒಂದು ಮಾತು. ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ನಿಲ್ಲುವವನು ನಾನು. ಸ್ಟುಡಿಯೋಕ್ಕೆ ಮರಳಿದ ಮೇಲೆ ಆ ಧ್ವನಿಯಿಂದ ಬೇಡದ್ದನ್ನು, ಅಂದರೆ ನಾಯಿ ಬೊಗಳಿದ್ದು, ಬಸ್ಸಿನ ಹಾರ್ನು, ಮಾತಿನ ನಡುವಿನ ಕೆಮ್ಮು, ಎಲ್ಲವನ್ನೂ ಕತ್ತರಿಸಿ ಸ್ವಚ್ಛ ಮಾಡುವುದೂ ನನ್ನ ಪಾಲಿನದೇ. ಈ ಕೆಲಸ ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ.

ಕಿವಿ ನನಗೆ ದಾಂಡೇಲಿ ಕೊಟ್ಟದ್ದು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಗಿರಣಿ ಸೇರಿದವರು. ಪಾಳಿ ಮುಗಿದ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗಿದ ಕೂಡಲೇ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ಆದರೆ ಪುಡಿ ಹಾಕುತ್ತಿರಲಿಲ್ಲ. ನೂರಾರು ಸೈಕಲ್ಲುಗಳ ಸದ್ದಿನಲ್ಲಿ ಅಪ್ಪನ ಸೈಕಲ್ಲಿನ ಸಡಿಲ ಮಡ್‌ಗಾರ್ಡು ಕೇಳಿದ ಮೇಲೆಯೇ ಪುಡಿ. ಈಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ, ಆ ಸೈಕಲ್ ಯಾವ ಗುಜರಿಗೆ ಹೋಯಿತೋ ತಿಳಿಯದು. ಆದರೂ ಎಲ್ಲಾದರೂ ಭೋಂಗಾ ಕೇಳಿದರೆ ನಾನು ಮಡ್‌ಗಾರ್ಡಿನ ಸದ್ದಿಗೆ ಕಾಯುತ್ತೇನೆ. ಇದನ್ನು ಯಾರಿಗೂ ಹೇಳಿದವನಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆ ಸೆಪ್ಟೆಂಬರಿನಲ್ಲಿ ನಾವು ಹೋದದ್ದು ಮುಂಡಗೋಡ ತಾಲ್ಲೂಕಿನ ಒಂದು ಕೆರೆಗೆ. ಅದು ಅತ್ತಿವೇರಿಯೂ ಅಲ್ಲ, ಮಳಗಿಯೂ ಅಲ್ಲ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಕೆರೆಯ ಈಚೆ ದಡದಲ್ಲಿ ಒಂದು ಹಳ್ಳಿಯ ಗೋವಿನಜೋಳದ ಹೊಲಗಳು, ಆಚೆ ದಡದಲ್ಲಿ ಟಿಬೆಟನ್ ಕಾಲೊನಿಯವರ ಗೋವಿನಜೋಳದ ಹೊಲಗಳು, ನಡುವೆ ಸುಮಾರು ಆರುನೂರು ಮೀಟರು ನೀರು. ಸಂಜೆ ಹೊತ್ತು ದಡದಲ್ಲಿ ನಿಂತು ಕೂಗಿದರೆ ಕೆರೆಯೇ ತಿರುಗಿ ಓಗೊಡುತ್ತದೆ ಎಂಬ ಸುದ್ದಿಯ ವಿಡಿಯೋ ಮೊಬೈಲುಗಳಲ್ಲಿ ಹರಿದಾಡಿತ್ತು. ಮುಳುಗಿ ಸತ್ತವರ ದನಿ ಅಂತ ಒಬ್ಬರು, ಜಲದೇವತೆ ಅಂತ ಇನ್ನೊಬ್ಬರು. ನಿರ್ದೇಶಕ ಕಾರ್ತಿಕ್ ಬೆಂಗಳೂರಿನವನು, ಮೂವತ್ತರ ಆಸುಪಾಸು, ಚುರುಕು. ಅವನಿಗೆ ಇಂಥದ್ದು ಹಬ್ಬದೂಟ.

ಮೊದಲ ಸಂಜೆ ನಾವೆಲ್ಲ ಸರದಿಯಲ್ಲಿ ಗಂಟಲು ಹರಿಯುವಂತೆ ಕೂಗಿದೆವು. ಕೆರೆ ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಪಕ್ಕದ ಹೊಲದ ಕಾವಲಿನ ಅಟ್ಟಣಿಗೆ ಹತ್ತಿ ಕೂತಿದ್ದ ಮುದುಕಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಒಂದೇ ಒಂದು ಉದ್ದನೆಯ ಕೂಗು ಹಾಕಿದಳು: “ಹೋ…” ನಾನು ಅದನ್ನು ಹಿಡಿದುಕೊಂಡೆ. ಕಾರ್ತಿಕ್ “ಕಟ್” ಅಂದ, ಅಭ್ಯಾಸಬಲದಿಂದ ನಾನು ರೆಕಾರ್ಡರ್ ಆರಿಸಿದೆ. ಆರಿಸಿ ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಆಚೆಯಿಂದ ಬಂತು, ತೆಳ್ಳಗೆ, ನೀರಿನ ಮೇಲೆ ಜಾರಿಕೊಂಡು: “ಹೋ…” ಕ್ಯಾಮೆರಾದವನ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿತ್ತು. ಕಾರ್ತಿಕ್ ನನ್ನತ್ತ ನೋಡಿದ. ರೆಕಾರ್ಡರಿನಲ್ಲಿ ಏನೂ ಇರಲಿಲ್ಲ.

ಮುದುಕಿಯ ಹೆಸರು ನೀಲವ್ವ. ಎಪ್ಪತ್ತರ ಹತ್ತಿರ, ಹಣೆ ತುಂಬ ವಿಭೂತಿ, ಗಂಡ ತೀರಿದ ಮೇಲೂ ನಾಲ್ಕು ಎಕರೆ ತಾನೇ ಮಾಡಿಸುವವಳು. ಯಾರಿಗೆ ಕೂಗಿದಿರಿ ಎಂದು ಕಾರ್ತಿಕ್ ಕೇಳಿದರೆ, “ಕಾಡಹಂದಿ ಓಡಸಾಕ ಕೂಗತೀನ್ರಿ. ನೀವು ಯಾತಕ್ಕ ಕೂಗಾಕತ್ತಿದ್ರಿ?” ಎಂದು ಅವನ ಬಾಯನ್ನೇ ಮುಚ್ಚಿಸಿದಳು.

ಮುಂದಿನ ಮೂರು ಸಂಜೆ ನಾನು ರೆಕಾರ್ಡರ್ ಆರಿಸಲೇ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಕೇಳಿದ್ದಕ್ಕೂ ಅದೇ ನಿಯಮ. ಧ್ವನಿ ಒಂದು ಸೆಕೆಂಡಿಗೆ ಸುಮಾರು ಮುನ್ನೂರ ನಲವತ್ತು ಮೀಟರು ಹೋಗುತ್ತದೆ. ಆರುನೂರು ಮೀಟರು ಹೋಗಿ ಬಡಿದು ಮರಳಲು ಮೂರೂವರೆ ಸೆಕೆಂಡು ಸಾಕು, ಅದೂ ಬಡಿಯಲು ಅಲ್ಲೊಂದು ಗುಡ್ಡವಿದ್ದರೆ. ಆಚೆ ದಡ ಅಂಗೈಯಷ್ಟು ಸಪಾಟು. ನನ್ನ ರೆಕಾರ್ಡಿಂಗಿನಲ್ಲಿ ಓಗೊಡುವ ದನಿ ಒಂದು ದಿನ ಒಂಬತ್ತು ಸೆಕೆಂಡಿಗೆ ಬಂತು, ಮರುದಿನ ಹದಿನಾಲ್ಕಕ್ಕೆ, ಮೂರನೆಯ ದಿನ ಹನ್ನೊಂದಕ್ಕೆ. ಪ್ರತಿಧ್ವನಿಗೆ ಉಸಿರು ಎಳೆದುಕೊಳ್ಳುವ ಕೆಲಸವಿಲ್ಲ. ಇನ್ನೊಂದು ವಿಷಯವೂ ಹೆಡ್‌ಫೋನಿನಲ್ಲಿ ಸಿಕ್ಕಿತು. ಸಂಜೆ ನೀರಿನ ಮೇಲಿನ ಗಾಳಿ ತಣ್ಣಗಾದಾಗ ಸಣ್ಣ ಸದ್ದೂ ದೂರ ಹೋಗುತ್ತದೆ. ಪ್ರತಿ ಕೂಗಿನ ಬಾಲಕ್ಕೆ, ಕೇಳಿಸಿತೋ ಇಲ್ಲವೋ ಎಂಬಷ್ಟು, ಎರಡು ಸಲ ಕೆಮ್ಮು.

ಅದರ ಮರುದಿನ ಏರಿಯ ಮೇಲಿನ ಹಾದಿಯಲ್ಲಿ ಕೆರೆ ಸುತ್ತಿ ಆಚೆ ದಡಕ್ಕೆ ಹೋದೆ. ಮೂರು ಕಿಲೋಮೀಟರು. ಕೆಮ್ಮುವವಳು ಮನೆಯ ಜಗಲಿಯ ಮೇಲೆ ಜಪಮಾಲೆ ಹಿಡಿದು ಕೂತಿದ್ದಳು. ಹೆಸರು ಡೋಲ್ಮಾ. ಹಳ್ಳಿಯವರ ಬಾಯಲ್ಲಿ ಡೋಲವ್ವ. ಹದಿಹರೆಯದಲ್ಲಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು, ಕಾಡಿದ್ದ ಜಾಗವನ್ನು ಹೊಲ ಮಾಡಿದವರಲ್ಲಿ ಒಬ್ಬಳು. ಉಪ್ಪು ಬೆರೆಸಿದ ಬೆಣ್ಣೆ ಚಹಾ ಕೊಟ್ಟು, ನಾನು ಮುಖ ಹಿಂಡುವುದನ್ನು ನೋಡಿ ನಕ್ಕಳು. ನಾನು ಕೂಗಿನ ವಿಷಯ ತೆಗೆದೆ.

“ನೀಲಾನ ಗಂಡ ತೀರಿಕೊಂಡ ವರ್ಷ ಆಕಿ ಹೊಲ ಬಿಡ್ತೀನಿ ಅಂದ್ಲು,” ಎಂದಳು ಡೋಲ್ಮಾ. “ಒಬ್ಬಾಕಿನ ಅಟ್ಟಣಿಗಿ ಮ್ಯಾಲ ಹೆಂಗ ಕುಂದ್ರಲಿ ಅಂತ ಅತ್ಲು. ನಾ ಅಂದೆ, ನೀ ಕೂಗು, ನಾ ಓ ಅಂತೀನಿ. ಒಂದಿನಾನೂ ತಪ್ಪಸಂಗಿಲ್ಲ.”

ಬೆಳೆ ಕಾಯುವವರು ನಿದ್ದೆ ಹೋಗದಂತೆ ಹೊಲದಿಂದ ಹೊಲಕ್ಕೆ ಕೂಗಿ ಎಬ್ಬಿಸಿಕೊಳ್ಳುವುದು ಈ ಕಡೆಯ ಹಳೆಯ ರೂಢಿ. ಈಗ ಬೇರೆಯವರು ತಂತಿ ಬೇಲಿಗೆ ಕರೆಂಟು ಕೊಟ್ಟು ಮನೆಯಲ್ಲಿ ಮಲಗುತ್ತಾರೆ. ಈ ಇಬ್ಬರದು ಮಾತ್ರ ಉಳಿದಿತ್ತು. ಕಟಾವಾದ ಮೇಲೂ, ಕಾಯಲು ಏನೂ ಇಲ್ಲದಾಗಲೂ, ವರ್ಷವಿಡೀ ಸಂಜೆಯ ಒಂದು ಕೂಗು ನಡೆದೇ ಇತ್ತು. ಆ ಮೂರು ಕಿಲೋಮೀಟರು ನಡೆಯಲು ಮೊಣಕಾಲು ಕೈಕೊಟ್ಟ ಮೇಲೆ ಇಬ್ಬರೂ ಮುಖ ನೋಡಿ ಎರಡು ವರ್ಷವಾಗಿತ್ತು.

ನಾನು ಏಳುವ ಹೊತ್ತಿಗೆ ಡೋಲ್ಮಾ ನನ್ನ ತೋಳು ಹಿಡಿದುಕೊಂಡಳು. ದಸರೆ ಮುಗಿಯುತ್ತಲೇ ಅವಳನ್ನು ಡೆಹ್ರಾಡೂನಿಗೆ ಕರೆದೊಯ್ಯುವವರಿದ್ದರು. ಮಗಳು ಅಲ್ಲಿ ನರ್ಸ್, ಎದೆಯ ಚಿಕಿತ್ಸೆ ಅಲ್ಲೇ ಆಗಬೇಕು. ಮರಳುವುದು ಯಾವಾಗ ಎಂದು ಯಾರೂ ಹೇಳುತ್ತಿರಲಿಲ್ಲ.

“ನೀಲಾಗ ಹೇಳಾಕ ನನಗ ಬಾಯಿ ಬರವಲ್ದು. ಮಾತು ಕೊಟ್ಟೇನಿ. ನಿನ್ನ ಪೆಟಿಗ್ಯಾಗ ನನ್ನ ದನಿ ಇಟ್ಟು, ದಿನಾ ಸಂಜಿಗೆ ಬಿಡಾಕ ಬರ್ತೈತೇನು?”

ಬರುತ್ತದೆ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ! ಅವಳ ಜಗಲಿಯಲ್ಲೇ ಐದು ಸಲ ಕೂಗಿಸಿ ರೆಕಾರ್ಡ್ ಮಾಡಿಕೊಂಡೆ, ಉದ್ದನೆಯ “ಹೋ…” ಐದು ಸಲ. ಬೇರೆ ಥರ ಕೂಗುವುದೂ ಉಂಟೇ ಎಂದು ನಾನು ಕೇಳಲಿಲ್ಲ.

ಕಾರ್ತಿಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಮನಸ್ಸಿಟ್ಟು ಕೇಳಿ, “ಸರ್, ಉತ್ತರ ಸಿಕ್ಕಿಬಿಟ್ಟರೆ ನಮ್ಮ ಎಪಿಸೋಡೇ ಇಲ್ಲ,” ಅಂದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಅವನು ಊರಿನ ಹೆಸರು ಹೇಳುವುದಿಲ್ಲ, ಹೆಂಗಸರ ಮುಖ ತೋರಿಸುವುದಿಲ್ಲ. ನಾನು ಗುಟ್ಟು ಬಿಟ್ಟುಕೊಡುವುದಿಲ್ಲ. ಅವರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಸಂಬಳದ ಮನುಷ್ಯನಿಗೆ ಇಂಥ ಸಮಾಧಾನಗಳು ಬೇಗ ಹೊಳೆಯುತ್ತವೆ.

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕೆರೆಯ ದನಿಯನ್ನು ಸಿದ್ಧ ಮಾಡಲು ಕೂತೆವು. ದೂರದಿಂದ ಹಿಡಿದದ್ದು ತೀರಾ ಕ್ಷೀಣವಾಗಿತ್ತು, ಆದ್ದರಿಂದ ಜಗಲಿಯಲ್ಲಿ ಕೂಗಿಸಿದ್ದನ್ನೇ ಬಳಸುವುದೆಂದಾಯಿತು. ಅದರಲ್ಲಿ ಕೆಮ್ಮು ದೊಡ್ಡದಾಗಿಯೇ ಇತ್ತು. ಕಾರ್ತಿಕ್ ನಕ್ಕ: “ಅದನ್ನ ತೆಗೀರಿ ಸರ್. ದೆವ್ವ ಕೆಮ್ಮಲ್ಲ.” ನಾನೂ ನಕ್ಕೆ. ಐದರಲ್ಲಿ ಒಳ್ಳೆಯದನ್ನು ಆರಿಸಿ, ಕೆಮ್ಮು ಕತ್ತರಿಸಿ, ಉಸಿರು ಎಳೆದುಕೊಂಡ ಸದ್ದು ಒರೆಸಿ, ದೂರದ ನಾಯಿಯನ್ನೂ ಓಡಿಸಿ, ಸೋಸಿದ ನೀರಿನಂಥ ಆರು ಸೆಕೆಂಡಿನ ಕೂಗು ಮಾಡಿದೆ. ಚಿತ್ರಕ್ಕೆ ಅದರ ಕೆಳಗೊಂದು ಗುಡುಗಿನಂಥ ಗುನುಗು ಸೇರಿಸಿದವನೂ ನಾನೇ. ಆ ಸ್ವಚ್ಛ ಕೂಗನ್ನೇ, ಗುನುಗಿಲ್ಲದೆ, ಡೋಲ್ಮಾಳ ಸೊಸೆ ಯಾಂಗ್ಚೆನ್‌ಳ ಮೊಬೈಲಿಗೆ ಕಳಿಸಿದೆ. ಅವಳು ಕಾಲೊನಿಯ ಶಾಲೆಯಲ್ಲಿ ಟೀಚರು. ಮಾಳಿಗೆಯ ಮೇಲೆ ಸ್ಪೀಕರ್ ಇಟ್ಟುಕೊಂಡು, ನೀಲವ್ವನ ಕೂಗು ಕೇಳಿದ ಮೇಲೆ ಬಿಡಬೇಕೆಂದು ಹೇಳಿಕೊಟ್ಟೆ. ಬೇರೆ ಬೇರೆ ಅಂತರದಲ್ಲಿ ಬಿಡಿ, ಒಂದು ದಿನ ಒಂಬತ್ತು ಸೆಕೆಂಡು, ಒಂದು ದಿನ ಹದಿನಾಲ್ಕು, ಎಂದೂ ಹೇಳಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ದಸರೆ ಮುಗಿಯಿತು, ಡೋಲ್ಮಾ ಹೋದಳು. ಎಪಿಸೋಡು ಪ್ರಸಾರವಾಗಿ ಜನ ಮೆಚ್ಚಿದರು. ಕೆರೆಯ ದನಿಯಲ್ಲಿ ಮನುಷ್ಯರದಲ್ಲದ ಏನೋ ಇದೆ ಎಂದು ಒಬ್ಬ ಪ್ರೇಕ್ಷಕ ಬರೆದಿದ್ದ. ಅದನ್ನು ಓದಿ ನನಗೆ ಖುಷಿಯೇ ಆಗಿತ್ತು.

ಮೂರು ವಾರ ಕಳೆದಿರಬೇಕು, ಯಾಂಗ್ಚೆನ್ ಫೋನ್ ಮಾಡಿದಳು. “ಅಂಕಲ್, ಮೊನ್ನೆ ಆ ಅಜ್ಜಿ ಬ್ಯಾರೆ ಥರ ಕೂಗಿದ್ರು. ಸಣ್ಣ ಸಣ್ಣ ಕೂಗು, ಮೂರು. ನಾನು ಬಟನ್ ಒತ್ತಿದೆ. ಮತ್ತ ಮೂರು ಕೂಗಿದ್ರು. ಮತ್ತ ಒತ್ತಿದೆ. ನಿನ್ನೆ ಕೂಗು ಬರಲೇ ಇಲ್ಲ. ಇವತ್ತೂ ಇಲ್ಲ.”

ಮರುದಿನ ಮೊದಲ ಬಸ್ಸು ಹತ್ತಿದೆ. ಮುಂಡಗೋಡ ಮುಟ್ಟುವವರೆಗೂ ಕೆಟ್ಟದ್ದನ್ನೇ ಯೋಚಿಸುತ್ತಿದ್ದೆ. ಬಿದ್ದಿರಬಹುದು, ಹಾವು ಕಡಿದಿರಬಹುದು. ಹೋಗಿ ನೋಡಿದರೆ ನೀಲವ್ವ ಅಂಗಳದಲ್ಲಿ ತೆನೆಯ ರಾಶಿಯ ಮುಂದೆ ಕೂತಿದ್ದಾಳೆ. ಕೈಯಲ್ಲಿ ಒಂದು ತೆನೆ, ಬಿಡಿಸುತ್ತಿಲ್ಲ. ಒಳಗೆ ಒಲೆ ಹೊತ್ತಿಲ್ಲ. ನನ್ನನ್ನು ನೋಡಿದವಳೇ ಕೇಳಿದಳು:

“ಡೋಲವ್ವ ಯಾವಾಗ ಸತ್ಲು?”

“ಇಲ್ಲವ್ವಾ, ಆಕಿ ಇದ್ದಾಳ.”

“ಸುಳ್ಳು ಹೇಳಬ್ಯಾಡ ತಮ್ಮಾ. ಎರಡ ದಿನ ಆತು, ನಾ ತುತ್ತು ಬಾಯಿಗಿಟ್ಟಿಲ್ಲ. ಅಳಬೇಕೋ ಬ್ಯಾಡೋ, ಅದೂ ತಿಳೀವಲ್ದು.”

ನಾನು ನೆಲದ ಮೇಲೆ ಕೂತೆ. ಅವಳೇ ಹೇಳಿದಳು. “ಹತ್ತ ವರ್ಷ ಆತು, ಆಕಿ ಕೂಗಿದ ಮ್ಯಾಲ ಕೆಮ್ಮತಾಳ. ಒಂದಿನ ಕೆಮ್ಮು ಬರಲಿಲ್ಲ. ಆರಾಮ ಆಗಿರಬೇಕು ಅಂತ ಅವತ್ತ ಶಿವಗ ಎರಡ ಊದಿನಕಡ್ಡಿ ಹೆಚ್ಚ ಹಚ್ಚಿದೆ ನಾ. ಮರುದಿನಾನೂ ಇಲ್ಲ. ಅದರ ಮರುದಿನಾನೂ ಇಲ್ಲ. ಅದ ಕೂಗು, ಗಾಳಿ ಇದ್ರೂ ಅಷ್ಟ ಉದ್ದ, ಮಳಿ ಬಂದ್ರೂ ಅಷ್ಟ ಉದ್ದ. ಮನಶ್ಯಾರು ಹಂಗ ಕೂಗತಾರೇನು? ಕಡೀಕ ಮೂರು ಸಣ್ಣ ಕೂಗು ಹಾಕಿದೆ.”

“ಹಂಗಂದ್ರ ಏನವ್ವಾ?”

“ಹೊಲ ಕಾಯೋರ ಹಳೇ ಲೆಕ್ಕ ಇದು. ಉದ್ದ ಕೂಗಿದ್ರ, ಎಲ್ಲಾ ಆರಾಮ ಐತಿ ಅಂತ. ಮೂರು ಸಣ್ಣ ಕೂಗಿದ್ರ, ನನಗ ಕುತ್ತ ಬಂದೈತಿ, ಲಗೂನ ಬಾ ಅಂತ. ನನ್ನ ಗಂಡ ಹೊಲದಾಗ ಬಿದ್ದ ದಿನ ಹಂಗ ಕೂಗಿದ್ದೆ. ಆಕಿ ಅಲ್ಲಿಂದ ಮೂರು ಸಣ್ಣ ಕೂಗು ತಿರುಗಿ ಹಾಕಿದ್ಲು, ಬಂದೆ ಅಂತ. ಬರಿಗಾಲಿಲೆ ಇಡೀ ಕೆರಿ ಸುತ್ತಿ ಓಡಿ ಬಂದ್ಲು, ಕಾಲಾಗ ಮುಳ್ಳು ಮುರದಿದ್ವು. ಮೊನ್ನೆ ನಾ ಬಾ ಅಂತ ಕೂಗಿದ್ರ ಕೆರಿ ಏನಂತು ಗೊತ್ತೇನು? ಎಲ್ಲಾ ಆರಾಮ ಐತಿ ಅಂತು. ಮತ್ತ ಕೂಗಿದೆ. ಮತ್ತ ಅದ. ನನ್ನ ಗೆಳತಿ ಬದುಕಿದ್ರ ಹಂಗ ಅನ್ನಾಕಿ ಅಲ್ಲ.”

ನಲವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವನು ನಾನು. ಅವತ್ತು ಆ ಅಂಗಳದಲ್ಲಿ ನನ್ನ ಕಿವಿಯ ಬಗ್ಗೆ ನನಗೇ ನಾಚಿಕೆಯಾಯಿತು. ಎಲ್ಲವನ್ನೂ ಹೇಳಿದೆ. ಡೆಹ್ರಾಡೂನು, ಮಗಳು, ಎದೆಯ ಚಿಕಿತ್ಸೆ, ಮಾಳಿಗೆಯ ಮೇಲಿನ ಸ್ಪೀಕರು, ಕತ್ತರಿಸಿದ ಕೆಮ್ಮು.

ನೀಲವ್ವ ಕೈಯಲ್ಲಿದ್ದ ತೆನೆಯನ್ನು ರಾಶಿಗೆ ಎಸೆದಳು. ಆಮೇಲೆ, “ಹೋಗೂದಿದ್ರ ಹೇಳಿ ಹೋಗಬೇಕಿತ್ತು. ನಾ ಏನ ಕಟ್ಟಿ ಹಾಕ್ತಿದ್ನೇನು?” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದಾಗ ಸಿಟ್ಟು ಉರಿಯುತ್ತಿತ್ತು. “ಜೀವಂತ ಇದ್ದಾಕೀನ್ನ ಸತ್ತಾಕಿ ಮಾಡಿಟ್ರಲ್ಲೋ ನೀವು!”

ನಾನು ಕಿಸೆಯಿಂದ ಫೋನ್ ತೆಗೆದೆ. ಈಗಲೇ ಮಾತಾಡಿಸುತ್ತೇನೆ ಎಂದೆ. ಅವಳು ತಡೆದಳು. “ಈಗ ಬ್ಯಾಡ. ಹೊತ್ತು ಮುಳುಗಲಿ.” ಎದ್ದು ಒಲೆ ಹೊತ್ತಿಸಿದಳು. ರೊಟ್ಟಿ ಬಡಿದು ನನಗೂ ಹಾಕಿದಳು, ತಾನೂ ಉಂಡಳು. ಬೈಯುತ್ತಲೇ ಉಣಿಸಿದಳು.

ಸಂಜೆ ಇಬ್ಬರೂ ದಡಕ್ಕೆ ಹೋದೆವು. ಡೋಲ್ಮಾಳ ಮಗಳಿಗೆ ಫೋನ್ ಮಾಡಿ, ವಿಷಯ ತಿಳಿಸಿ, ಅಮ್ಮನ ಕೈಗೆ ಕೊಡಲು ಹೇಳಿ, ಸ್ಪೀಕರ್ ಹಾಕಿ ನೀಲವ್ವನ ಕೈಗಿಟ್ಟೆ. ಅವಳು ಹಲೋ ಅನ್ನಲಿಲ್ಲ, ಹೇಗಿದ್ದೀ ಅನ್ನಲಿಲ್ಲ. ಫೋನನ್ನು ಎದೆಯ ಮುಂದೆ ಹಿಡಿದುಕೊಂಡು, ನೀರಿನತ್ತ ಮುಖ ಮಾಡಿ, ಆಚೆ ದಡಕ್ಕೆ ಮುಟ್ಟುವಷ್ಟು ಜೋರಾಗಿ ಕೂಗಿದಳು. ಮೂರು ಸಣ್ಣ ಕೂಗು.

ಫೋನು ಸುಮ್ಮನಿತ್ತು. ನಾನು ಅಭ್ಯಾಸದಿಂದ ಸೆಕೆಂಡು ಎಣಿಸಿದೆ. ಒಂಬತ್ತಾಯಿತು, ಹನ್ನೊಂದಾಯಿತು, ಹದಿನಾಲ್ಕೂ ಆಯಿತು. ಲೈನ್ ಕಡಿದುಹೋಯಿತೆಂದು ಕೈ ಚಾಚಿದೆ. ನೀಲವ್ವ ನನ್ನ ಕೈಯನ್ನು ಆಚೆ ತಳ್ಳಿದಳು. ಆಗ ಬಂತು. ಒಡೆದ ದನಿಯಲ್ಲಿ, ನಡುವೆ ನಿಂತು ನಿಂತು, ಮೂರು ಸಣ್ಣ ಕೂಗು. ಆಮೇಲೆ ಕೆಮ್ಮು, ಎರಡಲ್ಲ, ತುಂಬ ಹೊತ್ತು.

ನೀಲವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. “ಕೇಳಿದೇನು?” ಎಂದಳು ನನಗೆ. “ಬಂದೆ ಅಂತಾಳ.”

ಯಾಂಗ್ಚೆನ್ ಆ ರಾತ್ರಿಯೇ ಸ್ಪೀಕರ್ ಕೆಳಗಿಳಿಸಿದಳು. ಅಂದಿನಿಂದ ಆ ಕೆರೆ ಯಾರಿಗೂ ಓಗೊಟ್ಟಿಲ್ಲ. ರಹಸ್ಯ ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಮರುವರ್ಷ ಲಾಕ್‌ಡೌನ್ ಬಂತು, ಆಮೇಲೆ ಡೋಲ್ಮಾಳ ಉಸಿರಾಟ ಇನ್ನಷ್ಟು ಬಿಗಡಾಯಿಸಿತು. ಗೋವಿನಜೋಳ ತೆನೆ ಕಟ್ಟುವಷ್ಟರಲ್ಲಿ ಬರುತ್ತೇನೆ ಎಂದು ಪ್ರತಿವರ್ಷ ಫೋನಿನಲ್ಲಿ ಹೇಳುತ್ತಾಳೆ. ಇನ್ನೂ ಬಂದಿಲ್ಲ. ಕೆಮ್ಮು ಇರುವ ಆ ಐದು ಮೂಲ ಕೂಗುಗಳು ನನ್ನ ಹತ್ತಿರ ಇವೆ. ಬೇಕೇ ಎಂದು ನೀಲವ್ವನನ್ನು ಒಮ್ಮೆ ಕೇಳಿದೆ. “ಬ್ಯಾಡ. ಆಕಿ ಬಂದು ಕೂಗತಾಳ,” ಎಂದಳು.

ಆ ಸರಣಿ ಮುಗಿದ ಮೇಲೆ ನಾನು ನಿಗೂಢ ಚಿತ್ರಗಳ ಕೆಲಸ ಒಪ್ಪಿಕೊಳ್ಳಲಿಲ್ಲ. ಈಗ ನಿವೃತ್ತ. ಹೊಸಬರಿಗೆ ಧ್ವನಿ ಹಿಡಿಯುವುದನ್ನು ಹೇಳಿಕೊಡುವಾಗ ಎರಡೇ ಮಾತು ಹೇಳುತ್ತೇನೆ. ಯಾರ ದನಿಯನ್ನೇ ಆಗಲಿ ಸ್ವಚ್ಛ ಮಾಡುವ ಮುಂಚೆ, ಅದಕ್ಕಾಗಿ ಕಾದು ಕೂತವರು ಯಾರು ಎಂದು ಕೇಳಿಕೊಳ್ಳಿ. ಮತ್ತೆ, ಸದ್ದು ನಿಂತಿತೆಂದು ಕೂಡಲೇ ರೆಕಾರ್ಡರ್ ಆರಿಸಬೇಡಿ.

ಕಳೆದ ಸೆಪ್ಟೆಂಬರಿನಲ್ಲಿ ಹೋಗಿದ್ದೆ. ತೆನೆ ಕಟ್ಟಿತ್ತು. ನೀಲವ್ವನಿಗೆ ಈಗ ಅಟ್ಟಣಿಗೆ ಹತ್ತಲಾಗುವುದಿಲ್ಲ, ಅದರ ಬುಡದಲ್ಲಿ ಕೂರುತ್ತಾಳೆ. ಹೊತ್ತು ಮುಳುಗಿದಾಗ ಬಾಯಿಗೆ ಕೈ ಅಡ್ಡ ಹಿಡಿದು ಮೂರು ಸಣ್ಣ ಕೂಗು ಹಾಕಿ, ಆಚೆ ದಡ ನೋಡುತ್ತ ಕೂತಳು. ನನಗೆ ಅವ್ವನ ಒಲೆಯ ಮೇಲೆ ಪುಡಿಯಿಲ್ಲದೆ ಕುದಿಯುತ್ತಿದ್ದ ನೀರು ನೆನಪಾಯಿತು. ಆಚೆಯಿಂದ ಏನೂ ಬರಲಿಲ್ಲ. ಆದರೆ ಆಕೆ ಸೀರೆ ಕೊಡವಿಕೊಂಡು ಮನೆಗೆ ಹೋಗೂಣು ನಡಿ ಅನ್ನುವವರೆಗೂ ನಾನು ರೆಕಾರ್ಡರ್ ಆರಿಸಲಿಲ್ಲ.